ಗಾಳಿ ಒಳಕ್ಕೇ ಹೋಗಬೇಕು

ನನ್ನ ಟೂಲ್ ಬ್ಯಾಗಿನಲ್ಲಿ ಮ್ಯಾನೋಮೀಟರ್, ಸ್ಕ್ರೂಡ್ರೈವರ್, ಟಾರ್ಚುಗಳ ಜೊತೆಗೆ ಒಂದು ಅಗರಬತ್ತಿ ಪ್ಯಾಕೆಟ್ಟೂ ಇರುತ್ತದೆ. ಊರಿಗೆ ಹೋದಾಗ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾ ಮುಂದಿನ ಅಂಗಡಿಗಳಲ್ಲಿ ಕೊಂಡದ್ದು. ಹೊಸ ಹುಡುಗರು ನೋಡಿ, ‘ಏನ್ ಸಾರ್, ಪೂಜೆ ಮಾಡ್ಕೊಂಡು ಕೆಲಸ ಶುರು ಮಾಡ್ತೀರಾ?’ ಅಂತ ನಗುತ್ತಾರೆ. ಪೂಜೆಗಲ್ಲ. ಲ್ಯಾಬಿನ ಮುಚ್ಚಿದ ಬಾಗಿಲ ಮುಂದೆ ಮಂಡಿಯೂರಿ ಕೂತು, ಕೆಳಗಿನ ಸಂದಿಗೆ ಹಚ್ಚಿದ ಕಡ್ಡಿ ಹಿಡಿಯುತ್ತೇನೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಕೆಲಸ ಬಾಕಿಯಿದೆ ಎಂದರ್ಥ. ನನ್ನ ಮುಖಕ್ಕೆ ಬಂದರೆ ಏನೋ ತಿರುಗುಮುರುಗಾಗಿದೆ. ಬಾಗಿಲ ಅಡಿಯಿಂದ ಯಾರೋ ಹೀರಿಕೊಂಡಂತೆ ಒಳಕ್ಕೆ ನುಗ್ಗಿದರೆ ಆಗ ಎದ್ದು ಮೀಟರುಗಳನ್ನು ಹೊರಗೆ ತೆಗೆಯುತ್ತೇನೆ. ವರದಿಯಲ್ಲಿ ಬರೆಯುವುದು ಮೀಟರಿನ ಅಂಕಿಯನ್ನೇ. ಆದರೆ ಅಂಕಿ ನೋಡುವ ಮುಂಚೆ ಕಡ್ಡಿ ನಿಜ ಹೇಳಿರುತ್ತದೆ.

ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ, ಎಸಿ ಲೈನಿನವನು. ಅಪಾಯಕಾರಿ ರೋಗಾಣುಗಳನ್ನು ಇಟ್ಟುಕೊಂಡು ಕೆಲಸ ಮಾಡುವ ಲ್ಯಾಬುಗಳಲ್ಲಿ ಗಾಳಿಯ ಒತ್ತಡ ಹೊಂದಿಸಿ, ಫಿಲ್ಟರುಗಳನ್ನು ಪರೀಕ್ಷಿಸಿ, ಕಾಗದಕ್ಕೆ ಸಹಿ ಹಾಕಿ ಕೊಡುವುದು ನನ್ನ ಕೆಲಸ. ರೋಗಾಣು ಒಳಗೆ ಬರುವುದು ನಾನು ಹೊರಗೆ ಬಂದ ಮೇಲೆ. ಆಮೇಲೆ ಸರ್ವಿಸಿಗೆ ಕರೆದರೆ ಇಡೀ ಕೋಣೆಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಿಟ್ಟು ಶುದ್ಧ ಮಾಡಿ, ಮಾಡಿದ್ದೇವೆಂದು ಬರೆದು ಕೊಟ್ಟ ಮೇಲೇ ನಾನು ಕಾಲಿಡುವುದು. ಊರಿನಲ್ಲಿ ಇದನ್ನೆಲ್ಲ ವಿವರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ‘ಬೆಂಗಳೂರಲ್ಲಿ ಎಸಿ ರಿಪೇರಿ’ ಅಂದರೆ ಎಲ್ಲರಿಗೂ ಸಾಕಿತ್ತು.

2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತವು. ಮಾದರಿ ಭೋಪಾಲಕ್ಕೆ ಹೋಯಿತು, ಹಕ್ಕಿಜ್ವರ ಎಂದು ವರದಿ ಬಂತು, ಸುತ್ತಲಿನ ಕೋಳಿಗಳನ್ನು ಕೊಂದು ಹೂಳಿದರು. ಆಗ ನಮ್ಮ ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನು ಇನ್ನೂ ಅನೇಕರು ಕೇಳಿದ್ದಾರೆ. ‘ಅಲ್ಲಪ್ಪಾ, ಬೆಂಗಳೂರು ಇಲ್ಲೇ ಇದೆ. ಅಲ್ಲಿ ಬೀದಿಗೊಂದು ಲ್ಯಾಬು. ಸತ್ತ ಕೋಳಿ ಏನಾಗಿ ಸತ್ತಿತು ಅಂತ ತಿಳ್ಕೊಳ್ಳೋಕೆ ಭೋಪಾಲ್‌ವರೆಗೂ ಯಾಕೆ ಹೋಗಬೇಕು?’

ಒಳ್ಳೆಯ ಪ್ರಶ್ನೆ. ಹಕ್ಕಿಜ್ವರ ಹೌದೋ ಅಲ್ಲವೋ ಎಂದು ದೇಶದ ಮಟ್ಟದಲ್ಲಿ ಕೊನೆಯ ಮಾತು ಹೇಳುವುದು ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಹಕ್ಕಿಜ್ವರ ಪತ್ತೆಯಾದದ್ದೂ, 2012ರಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಫಾರಂಗೆ ಅದು ಬಂದಾಗ ಖಚಿತವಾದದ್ದೂ ಅಲ್ಲೇ. ಮಾದರಿಯಲ್ಲಿರುವ ವೈರಸನ್ನು ಮೊದಲೇ ಕೊಂದು, ಅದರ ಗುರುತನ್ನಷ್ಟೇ ಯಂತ್ರದಲ್ಲಿ ನೋಡುವ ಪರೀಕ್ಷೆಗೆ ಭಾರೀ ಕಟ್ಟಡ ಬೇಕಿಲ್ಲ. ಆದರೆ ವೈರಸನ್ನು ಜೀವಂತವಾಗಿ ಬೆಳೆಸಿ ನೋಡಬೇಕಾದಾಗ ಮಾತೇ ಬೇರೆ. ಭ್ರೂಣ ಬೆಳೆಯುತ್ತಿರುವ ಕೋಳಿಮೊಟ್ಟೆಗೆ ಮಾದರಿಯ ಒಂದು ಹನಿ ಚುಚ್ಚಿ ಕಾವಿಗಿಟ್ಟರೆ, ಕೆಲವೇ ದಿನಗಳಲ್ಲಿ ಆ ಮೊಟ್ಟೆಯೊಳಗಿನ ದ್ರವದಲ್ಲಿ ಕೋಟಿಗಟ್ಟಲೆ ವೈರಸ್ ತುಂಬಿರುತ್ತದೆ. ವರದಹಳ್ಳಿಯ ಕೋಳಿಯ ಮೂಗಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಂಥ ಮೊಟ್ಟೆಯನ್ನು ಒಡೆಯುವ ಕೋಣೆ ಹೇಗಿರಬೇಕು ಎನ್ನುವುದೇ ನನ್ನ ಕಸುಬಿನ ತಿರುಳು.

ಇಂಥ ಲ್ಯಾಬುಗಳನ್ನು ಪ್ರಪಂಚದಾದ್ಯಂತ ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ, ಬಿಎಸ್‌ಎಲ್-1ರಿಂದ ಬಿಎಸ್‌ಎಲ್-4. ಮೊದಲನೆಯದು ಕಾಲೇಜಿನ ಲ್ಯಾಬು, ಎರಡನೆಯದು ಆಸ್ಪತ್ರೆಗಳಲ್ಲಿ ಇರುವಂಥದ್ದು. ಮೂರನೆಯದರಿಂದ ಕಟ್ಟಡವೇ ಒಂದು ಯಂತ್ರವಾಗುತ್ತದೆ. ಗಾಳಿಯಲ್ಲಿ ಹರಡುವ ಕ್ಷಯದ ಬ್ಯಾಕ್ಟೀರಿಯಾ, ಹಕ್ಕಿಜ್ವರದ ವೈರಸ್ ಇಂಥವುಗಳಿಗೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಹಂತದ ಲ್ಯಾಬ್ ಇದೆ. ನಾಲ್ಕನೆಯದು ನಿಫಾ, ಎಬೋಲಾದಂಥವಕ್ಕೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಲ್ಲಿ ಅಂಥದ್ದು ಆಯಿತು. ಅಲ್ಲಿ ಕೆಲಸಗಾರರು ಗಾಳಿ ತುಂಬಿದ ಅಂಗಿಯೊಳಗೆ ಹೊಕ್ಕು ಒಳಗೆ ಹೋಗಿ, ಅದೇ ಅಂಗಿಯಲ್ಲೇ ರಾಸಾಯನಿಕದ ಸ್ನಾನ ಮಾಡಿ ಹೊರಗೆ ಬರುತ್ತಾರೆ.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಅವರದೇ ಹುಳು ಮನೆಯ ಲೆಕ್ಕದಲ್ಲಿ. ನಮ್ಮ ಕಡೆ ರೇಷ್ಮೆಹುಳು ಸಾಕುವವರಿಗೆ ಇದರಲ್ಲಿ ಅರ್ಧ ವಿದ್ಯೆ ಆಗಲೇ ಬಂದಿದೆ. ಹುಳು ಮನೆಯ ಬಾಗಿಲ ಮುಂದೆ ಒಂದು ಪುಟ್ಟ ಕೋಣೆ. ಅದರ ಹೊಸಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿದ ಗೋಣಿಚೀಲ. ಕಿಟಕಿಗಳಿಗೆ ನೈಲಾನ್ ಪರದೆ. ಹೊರಗಿನ ಚಪ್ಪಲಿ ಹೊರಗೇ. ಒಂದು ಬೆಳೆ ಮುಗಿದ ಮೇಲೆ ಇಡೀ ಮನೆ ತೊಳೆದು ಔಷಧಿ ಹೊಡೆಯಬೇಕು. ಇಲ್ಲದಿದ್ದರೆ ಸುಣ್ಣಕಟ್ಟು, ಹಾಲುತೊಂಡೆ, ಗಂಟುರೋಗ ಇವೆಲ್ಲ ಮುಂದಿನ ಬೆಳೆಗೂ ಕಾದು ಕೂತಿರುತ್ತವೆ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ, ನೊಣದ ಮರಿ ರೇಷ್ಮೆಹುಳುವನ್ನು ತಿಂದು ಗೂಡಿಗೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ನಮ್ಮ ತಾತನ ಕಾಲದಲ್ಲಿ ಮನೆಯ ಪಡಸಾಲೆಯಲ್ಲೇ, ಜನ ಓಡಾಡುವ ಜಾಗದಲ್ಲೇ ಹುಳು ಮೇಯುತ್ತಿತ್ತಂತೆ. ಊಜಿ ಬಂದ ಮೇಲೆ ಬಾಗಿಲು ತೆಗೆಯುವುದಕ್ಕೂ ಲೆಕ್ಕ ಬಂತು.

ಆದರೆ ಹುಳು ಮನೆ ಹೊರಗಿನದನ್ನು ಹೊರಗಿಡುತ್ತದೆ. ನಮ್ಮದು ಒಳಗಿನದನ್ನು ಒಳಗಿಡಬೇಕು. ಪರದೆ ಕಟ್ಟಿ ತಡೆಯೋಣವೆಂದರೆ ವೈರಸ್ ನೊಣವಲ್ಲ. ಕೆಲಸ ಮಾಡುವವರು ಒಳಗೆ ಉಸಿರಾಡಬೇಕು, ಬಾಗಿಲು ತೆಗೆಯಬೇಕು, ಓಡಾಡಬೇಕು. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳ. ಒಳಗಿನ ಗಾಳಿಯ ಒತ್ತಡ ಸದಾ ಹೊರಗಿನದಕ್ಕಿಂತ ಕಡಿಮೆ ಇರಲಿ. ಆಗ ಎಲ್ಲಿ ಬಿರುಕಿದ್ದರೂ, ಬಾಗಿಲು ತೆಗೆದರೂ ಗಾಳಿ ಹೊರಗಿನಿಂದ ಒಳಕ್ಕೇ ಹೋಗುತ್ತದೆ.

ಎಷ್ಟು ಕಡಿಮೆ? ಕೇಳಿದರೆ ನಗು ಬರುತ್ತದೆ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 1,01,325 ಪ್ಯಾಸ್ಕಲ್. ಲ್ಯಾಬಿನಲ್ಲಿ ನಾವು ತರುವ ವ್ಯತ್ಯಾಸ ಒಂದೊಂದು ಕೋಣೆಗೆ ಹನ್ನೆರಡೋ ಹದಿನೈದೋ ಪ್ಯಾಸ್ಕಲ್, ಅಷ್ಟೇ. ಓಣಿ ಸೊನ್ನೆಯಲ್ಲಿದ್ದರೆ ಬಟ್ಟೆ ಬದಲಿಸುವ ಕೋಣೆ ಮೈನಸ್ 15, ಅದರಾಚೆಯ ನಡುಕೋಣೆ ಮೈನಸ್ 30, ಲ್ಯಾಬು ಮೈನಸ್ 45. ಮೆಟ್ಟಿಲು ಇಳಿದ ಹಾಗೆ. 45 ಪ್ಯಾಸ್ಕಲ್ ಎಂದರೆ ನಾಲ್ಕೂವರೆ ಮಿಲಿಮೀಟರ್ ನೀರಿನ ತೂಕ. ತಟ್ಟೆಯ ತಳದಲ್ಲಿ ನಿಂತ ನೀರು. ಆದರೂ ಬಾಗಿಲು ಅದನ್ನು ಮರೆಯಲು ಬಿಡುವುದಿಲ್ಲ. ಎರಡು ಚದರ ಮೀಟರಿನ ಬಾಗಿಲಿನ ಮೇಲೆ 15 ಪ್ಯಾಸ್ಕಲ್ ಒತ್ತಿದರೆ ಸುಮಾರು ಮೂರು ಕಿಲೋ ಭಾರ. ಪೂರಾ 45 ಒಂದೇ ಬಾಗಿಲಿನ ಮೇಲೆ ಬಿದ್ದರೆ ಒಂಬತ್ತು ಕಿಲೋ ದಾಟುತ್ತದೆ. ಕೈಯಲ್ಲಿ ಟ್ರೇ ಹಿಡಿದ ಹುಡುಗಿ ಭುಜದಿಂದ ಅದನ್ನು ತಳ್ಳಬೇಕಾಗಿ ಬಂದರೆ ಟ್ರೇ ಏನಾದೀತು? ಒಂದೇ ಏಟಿಗೆ ಒತ್ತಡ ಇಳಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದಕ್ಕೆ ಇದೂ ಒಂದು ಕಾರಣ. ಎರಡು ಬಾಗಿಲು ಒಟ್ಟಿಗೆ ತೆರೆಯದಂತೆ ಬೀಗವೂ ಇರುತ್ತದೆ, ಒಂದು ಮುಚ್ಚಿದ ಮೇಲೇ ಇನ್ನೊಂದು. ಬೆಂಕಿಯ ಗಂಟೆ ಹೊಡೆದರೆ ಮಾತ್ರ ಆ ಬೀಗ ತಾನಾಗಿ ಬಿಟ್ಟುಕೊಡಬೇಕು. ರೋಗಾಣು ಎಷ್ಟೇ ಅಪಾಯಕಾರಿಯಾಗಿರಲಿ, ಒಳಗಿರುವ ಮನುಷ್ಯ ಸುಟ್ಟುಹೋಗಬಾರದು.

ಗಾಳಿಯನ್ನು ಹೊರಗೆಳೆಯುವ ಫ್ಯಾನ್, ಒಳಗೆ ತಳ್ಳುವ ಫ್ಯಾನ್, ಎರಡೂ ಇರುತ್ತವೆ. ಎಳೆಯುವುದೇ ಮೊದಲು ಶುರುವಾಗಬೇಕು. ಅದು ನಿಂತರೆ ತಳ್ಳುವುದೂ ಆ ಕ್ಷಣದಲ್ಲೇ ನಿಲ್ಲಬೇಕು. ಈ ಕ್ರಮ ತಪ್ಪಿದರೆ ಕೋಣೆ ಬಲೂನಿನಂತೆ ಉಬ್ಬಿ ಒಳಗಿನ ಗಾಳಿ ಬಾಗಿಲ ಸಂದಿಯಿಂದ ಓಣಿಗೆ ಬರುತ್ತದೆ. ಹಾಗಾಗಿ ಎಳೆಯುವ ಫ್ಯಾನಿಗೆ ಜೋಡಿಯೊಂದು ಕಾದು ನಿಂತಿರುತ್ತದೆ. ಕೆಲಸ ಒಪ್ಪಿಸುವ ದಿನ ನಾನು ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಮೇನ್ ಸ್ವಿಚ್ ಎಳೆದು ಕತ್ತಲಲ್ಲಿ ಟಾರ್ಚು ಹಿಡಿದು ಗೇಜಿನ ಮುಳ್ಳನ್ನೇ ನೋಡುತ್ತಾ ನಿಲ್ಲುವುದು. ಮುಳ್ಳು ನಿಧಾನಕ್ಕೆ ಸೊನ್ನೆಯ ಕಡೆಗೆ ಜಾರಿ, ಸೊನ್ನೆಯನ್ನು ದಾಟದೆ ನಿಂತು, ಜನರೇಟರ್ ಹತ್ತಿಕೊಂಡ ಮೇಲೆ ಮತ್ತೆ ಕೆಳಗಿಳಿಯಬೇಕು. ಕಟ್ಟಡದ ಮಾಲೀಕರಿಗೆ ಈ ಪರೀಕ್ಷೆ ಇಷ್ಟವಾಗುವುದಿಲ್ಲ. ‘ಎಲ್ಲಾ ನಡೀತಿದೆಯಲ್ಲ, ಯಾಕೆ ಕೆಣಕ್ತೀರಿ?’ ಎನ್ನುತ್ತಾರೆ. ನನ್ನಂಥ ಚಿಂತಾಮಣಿ ಕಡೆಯವನಿಗೆ ಕರೆಂಟ್ ಹೋಗುವುದಿಲ್ಲ ಎಂದು ನಂಬಿಸಲು ಯಾರಿಂದಲೂ ಆಗದು.

ಎಳೆದ ಗಾಳಿಯನ್ನು ಹಾಗೇ ಮಾಳಿಗೆಯ ಮೇಲೆ ಬಿಡುವಂತಿಲ್ಲ. ಅದು ಹೆಪಾ ಫಿಲ್ಟರ್ ದಾಟಿ ಹೋಗಬೇಕು. ಗಾಜಿನ ನಾರಿನ ಕಾಗದವನ್ನು ಸೀರೆಯ ನೆರಿಗೆಯಂತೆ ಮಡಿಸಿ ಚೌಕಟ್ಟಿಗೆ ಕೂರಿಸಿದ್ದು ಅದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕೆಂಬುದು ಅಳತೆ. ಇಲ್ಲಿ ಓದಿದವರೇ ಎಡವುತ್ತಾರೆ. ‘ಹಕ್ಕಿಜ್ವರದ ವೈರಸ್ 0.1 ಮೈಕ್ರಾನ್ ಅಲ್ಲವೇ, ಅದಕ್ಕಿಂತ ಚಿಕ್ಕದು, ನುಸುಳಿ ಹೋಗುವುದಿಲ್ಲವೇ?’ ಇಲ್ಲ. ಫಿಲ್ಟರನ್ನು ಜರಡಿ ಅಂದುಕೊಂಡದ್ದರಿಂದ ಬಂದ ಅನುಮಾನ ಅದು. ದೊಡ್ಡ ಕಣ ತಿರುವಿನಲ್ಲಿ ತಿರುಗಲಾಗದೆ ನಾರಿಗೆ ಡಿಕ್ಕಿ ಹೊಡೆಯುತ್ತದೆ. ತೀರ ಚಿಕ್ಕ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಕುಡಿದವನ ಹಾಗೆ ಅತ್ತಿತ್ತ ತೂರಾಡುತ್ತಾ ಯಾವುದಾದರೊಂದು ನಾರಿಗೆ ಅಂಟಿಕೊಳ್ಳುತ್ತದೆ. ಎರಡೂ ಅಲ್ಲದ ನಡುವಿನ ಗಾತ್ರವೇ ಹೆಚ್ಚು ತಪ್ಪಿಸಿಕೊಳ್ಳುವುದು, ಅದೇ ಈ 0.3ರ ಆಸುಪಾಸು. ಹಾಗಾಗಿ ಅತಿ ಕಳ್ಳನನ್ನೇ ಮುಂದಿಟ್ಟುಕೊಂಡು ಅಳೆಯುತ್ತಾರೆ.

ಫಿಲ್ಟರ್ ಒಳ್ಳೆಯದಿದ್ದರೂ ಅದನ್ನು ಕೂರಿಸಿದ ರೀತಿ ಕೆಟ್ಟಿರಬಹುದು. ಅದಕ್ಕೆ ಒಂದು ಕಡೆಯಿಂದ ಎಣ್ಣೆಯ ಮಂಜು ಬಿಟ್ಟು, ಇನ್ನೊಂದು ಕಡೆ ಮೀಟರಿನ ಮೂತಿಯನ್ನು ಇಂಚಿಂಚಾಗಿ ಆಡಿಸುತ್ತಾ ಹೋಗುತ್ತೇವೆ. ಯಾವುದೇ ಜಾಗದಲ್ಲಿ ಶೇ. 0.01ಕ್ಕಿಂತ ಹೆಚ್ಚು ಮಂಜು ಕಂಡರೆ ಸೋರಿಕೆ. ನನ್ನ ಅನುಭವದಲ್ಲಿ ಕಾಗದ ಹರಿದಿರುವುದು ಅಪರೂಪ. ನಾಲ್ಕು ಬೋಲ್ಟಿನಲ್ಲಿ ಒಂದನ್ನು ಸಡಿಲ ಬಿಟ್ಟು, ರಬ್ಬರ್ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಎದ್ದಿರುವುದೇ ಹೆಚ್ಚು.

ಇದಕ್ಕಿಂತ ನನ್ನ ನಿದ್ದೆ ಕೆಡಿಸುವುದು ಕಣ್ಣಿಗೆ ಕಾಣದ ದಾರಿಗಳು. ಒಂದು ಕಟ್ಟಡದಲ್ಲಿ, ಹೆಸರು ಬೇಡ, ಲ್ಯಾಬಿನ ಒತ್ತಡ ಮೈನಸ್ 45ಕ್ಕೆ ಇಳಿಯಲೇ ಒಲ್ಲದು. ಫ್ಯಾನ್ ಜೋರು ಮಾಡಿದರೂ ಮುಳ್ಳು ಮೂವತ್ತರ ಹತ್ತಿರ ನಡುಗುತ್ತಾ ನಿಲ್ಲುತ್ತಿತ್ತು. ಬಾಗಿಲು ಸರಿ, ಗೋಡೆಯ ಎಪಾಕ್ಸಿ ಬಣ್ಣ ಕನ್ನಡಿಯಂತಿದೆ, ಸೀಲಿಂಗಿನ ದೀಪಗಳ ಸುತ್ತ ಸಿಲಿಕಾನ್ ಚೆನ್ನಾಗಿದೆ. ಕೊನೆಗೆ ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ಕಡ್ಡಿ ಹಿಡಿದರೆ, ಸಾಕೆಟ್ಟಿನ ತೂತುಗಳಿಂದ ಗಾಳಿ ಹೊಗೆಯನ್ನು ಕೋಣೆಯೊಳಕ್ಕೆ ಊದುತ್ತಿತ್ತು. ಬೋರ್ಡಿನ ಹಿಂದಿನ ವೈರ್ ಪೈಪು ಗೋಡೆಯೊಳಗೇ ಹತ್ತಿ ಮೇಲಿನ ಮಹಡಿಗೆ ಬಾಯಿ ತೆರೆದಿತ್ತು. ಎಲೆಕ್ಟ್ರಿಷಿಯನ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಪೈಪಿನೊಳಗೆ ವೈರಿನ ಸುತ್ತಲೂ ಸೀಲಂಟ್ ತುಂಬಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒತ್ತಡ ಇರುವವರೆಗೆ ಅಲ್ಲಿ ಗಾಳಿ ಒಳಕ್ಕೇ ಬರುತ್ತದೆ, ನಿಜ. ಆದರೆ ಫ್ಯಾನ್ ನಿಂತ ಗಳಿಗೆಗೆ ಅದು ಹೊರಗೆ ಹೋಗುವ ದಾರಿಯೂ ಹೌದು. ಆ ಕಟ್ಟಡದ ಪ್ರತಿಯೊಂದು ಬೋರ್ಡನ್ನೂ ಬಿಚ್ಚಿಸಿದೆವು.

ಹಸು, ಕುದುರೆಗಳನ್ನೇ ಕೋಣೆಯಲ್ಲಿ ಸಡಿಲ ಬಿಟ್ಟು ರೋಗ ಪರೀಕ್ಷಿಸುವ ಲ್ಯಾಬುಗಳಿಗೆ ಇನ್ನೂ ಕಟ್ಟುನಿಟ್ಟು. ಅಲ್ಲಿ ಕೋಣೆಯ ಗೋಡೆಯೇ ಕೊನೆಯ ತಡೆ. ಎಲ್ಲ ಮುಚ್ಚಿ ಒತ್ತಡವನ್ನು ಮೈನಸ್ 500 ಪ್ಯಾಸ್ಕಲ್‌ಗೆ ತಂದು ಬಿಟ್ಟರೆ, ಅದು ಮೈನಸ್ 250ಕ್ಕೆ ಬರಲು ಕನಿಷ್ಠ 20 ನಿಮಿಷ ಹಿಡಿಯಬೇಕು. ಇದನ್ನು ಪಾಸು ಮಾಡುವ ಗಾರೆ ಕೆಲಸ ಹುಡುಗಾಟವಲ್ಲ.

ವಾಸ್ತುಶಿಲ್ಪಿಗಳ ಮೇಲೆ ನನ್ನದೊಂದು ತಕರಾರಿದೆ. ನಕ್ಷೆಯಲ್ಲಿ ಅವರು ಲ್ಯಾಬನ್ನು ದೊಡ್ಡದು ಮಾಡಿ ಯಂತ್ರಗಳಿಗೆ ಮೆಟ್ಟಿಲ ಕೆಳಗಿನ ಜಾಗ ಕೊಡುತ್ತಾರೆ. ಆಗಬೇಕಾದದ್ದು ತಿರುಗಾಮುರುಗಾ. ಬಿಎಸ್‌ಎಲ್-3 ಕೋಣೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಅದರ ತಲೆಯ ಮೇಲೆ ಮನುಷ್ಯ ನೆಟ್ಟಗೆ ನಡೆಯುವಷ್ಟು ಎತ್ತರದ ಯಂತ್ರದ ಮಹಡಿ ಬೇಕು. ಡ್ಯಾಂಪರ್, ಫಿಲ್ಟರ್ ಪೆಟ್ಟಿಗೆ, ವೈರು ಎಲ್ಲ ಅಲ್ಲಿಂದಲೇ ಕೈಗೆ ಸಿಗಬೇಕು. ಒಂದು ಬಲ್ಬ್ ಬದಲಿಸಲು ಲ್ಯಾಬ್ ನಿಲ್ಲಿಸಿ ಆವಿ ಹಾಕಬೇಕಾದರೆ ಆ ಬಲ್ಬನ್ನು ಯಾರೂ ಬದಲಿಸುವುದಿಲ್ಲ. ಇನ್ನೊಂದು ತಪ್ಪು, ಎಸಿ ಗಾಳಿ ಬೀಳುವ ಜಾಲರಿಯನ್ನು ರೋಗಾಣುವಿನ ಕೆಲಸ ನಡೆಯುವ ಸೇಫ್ಟಿ ಕ್ಯಾಬಿನೆಟ್ಟಿನ ನೆತ್ತಿಯ ಮೇಲೇ ಇಡುವುದು. ರೋಗಾಣುವಿನ ಮೊದಲ ತಡೆ ಆ ಕ್ಯಾಬಿನೆಟ್ಟಿನ ಬಾಯಲ್ಲಿ ಒಳಕ್ಕೆ ಹರಿಯುವ ಗಾಳಿ. ಅದರ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಮಾತ್ರ. ಹಿಂದೆ ಯಾರಾದರೂ ಬಿರಬಿರನೆ ನಡೆದು ಹೋದರೂ ಅದು ಕದಡುತ್ತದೆ. ಹಾಗಿರುವಾಗ ಮೇಲಿಂದ ಜೋರಾಗಿ ಗಾಳಿ ಸುರಿದರೆ ಕೇಳಬೇಕೇ?

ಗಾಳಿಯ ಬಗ್ಗೆ ಇಷ್ಟು ಮಾತಾಡುವ ನಾನು ಈ ಕಟ್ಟಡಗಳಲ್ಲಿ ಅತಿ ಹೆಚ್ಚು ಹೆದರುವುದು ಮೋರಿಗೆ. ಲ್ಯಾಬಿನ ಸಿಂಕಿನ, ಸ್ನಾನದ ನೀರು ನೇರ ಚರಂಡಿಗೆ ಹೋಗಬಾರದು. ಕೆಳಗಿನ ತೊಟ್ಟಿಯಲ್ಲಿ ಕೂಡಿಹಾಕಿ 121 ಡಿಗ್ರಿಯಂಥ ಶಾಖದಲ್ಲಿ ಬೇಯಿಸಿ, ತಣಿಸಿ, ಆಮೇಲೆ ಬಿಡಬೇಕು. ಘನ ಕಸ ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಮೂಲಕವೇ ಹೊರಬರಬೇಕು. ಗೋಡೆಯೊಳಗೇ ಕೂರಿಸಿದ, ಆಚೆಗೊಂದು ಈಚೆಗೊಂದು ಬಾಗಿಲಿರುವ ಆಟೋಕ್ಲೇವ್ ಅದು. ನೆಲದ ಮೋರಿಯ ಬಾಗಿದ ಪೈಪಿನಲ್ಲಿ ನಿಂತ ನೀರೇ ಅಲ್ಲಿ ಬಾಗಿಲು. ರಜೆ ಹೆಚ್ಚಾಗಿ ಅದು ಒಣಗಿದರೆ ಬಾಗಿಲು ತೆರೆದಂತೆಯೇ.

ಬ್ರಿಟನ್ನಿನ ಪಿರ್ಬ್ರೈಟ್‌ನಲ್ಲಿ 2007ರ ಆಗಸ್ಟಿನಲ್ಲಿ ಆದದ್ದು ಇದೇ ಮೋರಿಯ ಕಥೆ. ಅಲ್ಲಿ ಒಂದೇ ಆವರಣದಲ್ಲಿ ಕಾಲುಬಾಯಿ ಜ್ವರದ ಸಂಶೋಧನಾ ಸಂಸ್ಥೆಯೂ ಲಸಿಕೆಯ ಕಾರ್ಖಾನೆಯೂ ಇದ್ದವು. ಫಿಲ್ಟರುಗಳು, ಬೀಗಗಳು, ಕಾವಲು ಎಲ್ಲ ಇದ್ದವು. ಆದರೆ ಲ್ಯಾಬಿನಿಂದ ಶುದ್ಧೀಕರಣದ ತೊಟ್ಟಿಗೆ ಹೋಗುವ ಹಳೆಯ ಪೈಪು ನೆಲದಡಿಯಲ್ಲಿ ಬಿರುಕು ಬಿಟ್ಟಿತ್ತು. ಆ ಬೇಸಿಗೆಯಲ್ಲಿ ಜೋರು ಮಳೆ, ನೆಲವೆಲ್ಲ ಕೆಸರು. ಕಟ್ಟಡ ಕೆಲಸಕ್ಕೆ ಬಂದಿದ್ದ ಲಾರಿಗಳ ಚಕ್ರಕ್ಕೆ ಮೆತ್ತಿಕೊಂಡ ಕೆಸರಿನಲ್ಲಿ ವೈರಸ್ ರಸ್ತೆಗೆ ಬಂತು, ಅಲ್ಲಿಂದ ಹತ್ತಿರದ ದನಗಳಿಗೆ ಹರಡಿರುವ ಸಾಧ್ಯತೆಯೇ ಹೆಚ್ಚು ಎಂಬುದು ತನಿಖೆ ತಲುಪಿದ ತೀರ್ಮಾನ. ದನಗಳಲ್ಲಿ ಸಿಕ್ಕ ತಳಿ 1967ರದ್ದು, ಲ್ಯಾಬುಗಳಲ್ಲಿ ಮಾತ್ರ ಉಳಿದಿದ್ದದ್ದು. ಹಾಗಾಗಿ ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಾಗಲಿಲ್ಲ. ಪೈಪು ಹಳೆಯದಾಗಿದೆ, ಬದಲಿಸಬೇಕು ಎಂಬ ಮಾತು ವರ್ಷಗಳಿಂದ ನಡೆದಿತ್ತು. ದುಡ್ಡು ಯಾರು ಕೊಡಬೇಕು ಎನ್ನುವುದು ಇತ್ಯರ್ಥವಾಗಿರಲಿಲ್ಲ.

ಚೀನಾದ ಲಾನ್‌ಝೌ ನಗರದಲ್ಲಿ 2019ರಲ್ಲಿ ಆದದ್ದೂ ಇಂಥದ್ದೇ. ಹಸು ಕಂದು ಹಾಕುವಂತೆ ಮಾಡುವ ಬ್ರೂಸೆಲ್ಲಾ ರೋಗಕ್ಕೆ ಲಸಿಕೆ ಮಾಡುವ ಕಾರ್ಖಾನೆಯಲ್ಲಿ ಅವಧಿ ಮುಗಿದ ಸೋಂಕುನಾಶಕ ಬಳಸಿದರು. ಹೊರಬಿಟ್ಟ ಗಾಳಿಯಲ್ಲಿ ಬ್ಯಾಕ್ಟೀರಿಯಾ ಬದುಕಿ ಉಳಿಯಿತು. ಸೋಂಕು ತಗುಲಿದವರು 10,000ಕ್ಕೂ ಹೆಚ್ಚು. ಎರಡೂ ಕಡೆ ಗೋಡೆ ಬೀಳಲಿಲ್ಲ, ಕಳ್ಳ ನುಗ್ಗಲಿಲ್ಲ. ಮೇಂಟೆನೆನ್ಸ್ ರಿಜಿಸ್ಟರಿನ ಒಂದು ಸಾಲು ತಪ್ಪಿತ್ತು.

ಇಂಥ ಕಟ್ಟಡಗಳು ಇಲ್ಲದಿದ್ದ ಕಾಲದ ಬೆಲೆಯನ್ನು ಕರ್ನಾಟಕದ ರೋಗವೇ ತೋರಿಸಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಾದರಿ ಒಯ್ದರು. ಮಂಗನ ಕಾಯಿಲೆಯ ವೈರಸ್ ಸಿಕ್ಕಿತು. ಅದರ ಮೇಲೆ ಕೆಲಸ ಮಾಡುತ್ತಾ ಕಾಡಿಗೇ ಹೋಗದ ಲ್ಯಾಬ್ ಸಿಬ್ಬಂದಿಯಲ್ಲೂ ಎಷ್ಟೋ ಮಂದಿ ಅದೇ ಜ್ವರದಲ್ಲಿ ಮಲಗಿದರು. ಆಗಿನ ಲ್ಯಾಬೆಂದರೆ ಮೇಜು, ಕುರ್ಚಿ, ತಲೆಯ ಮೇಲೊಂದು ಫ್ಯಾನು. ಇವತ್ತು ಆ ವೈರಸನ್ನು ಜೀವಂತ ಬೆಳೆಸುವುದಿದ್ದರೆ ಮೂರನೆಯ ಹಂತಕ್ಕಿಂತ ಕೆಳಗೆ ಯಾರೂ ಮುಟ್ಟುವುದಿಲ್ಲ.

ಹಾಗಾದರೆ ನಮ್ಮ ಜಿಲ್ಲೆಗೂ ಒಂದು ಬರಲಿ ಎಂದು ಈಗ ಕೇಳುವವರಿದ್ದಾರೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು, ಸುತ್ತಲ ಹಳ್ಳಿಗಳ ಗರ್ಭಿಣಿಯರ ರಕ್ತ ಪರೀಕ್ಷೆಗೆ ಹೋಯಿತು. ಎರಡು ವರ್ಷದೊಳಗೆ ಹಕ್ಕಿಜ್ವರ. ನಮ್ಮೂರಿನ ಮಾಜಿ ಪಂಚಾಯಿತಿ ಸದಸ್ಯರೊಬ್ಬರು ಜಾಗವನ್ನೂ ನೋಡಿಟ್ಟಿದ್ದಾರೆ, ಕೆರೆ ಅಂಗಳದ ಪಕ್ಕ.

ನಾನು ಬೇಡವೆಂದೆ. ಈ ಫ್ಯಾನುಗಳಿಗೆ ಭಾನುವಾರವಿಲ್ಲ. ಲ್ಯಾಬಿನಲ್ಲಿ ಯಾರಿರಲಿ ಬಿಡಲಿ, ಹಗಲೂ ರಾತ್ರಿ ತಿರುಗುತ್ತಿರಬೇಕು. ತಣ್ಣಗೆ ಮಾಡಿದ ಗಾಳಿಯನ್ನು ತಿರುಗಿ ಬಳಸುವಂತಿಲ್ಲ, ಪೂರಾ ಹೊರಗೆ ಚೆಲ್ಲಬೇಕು. ಅದರ ಕರೆಂಟ್ ಬಿಲ್ಲನ್ನು ವರ್ಷ ವರ್ಷವೂ ಕಟ್ಟುವವರು, ಫಿಲ್ಟರ್ ಪರೀಕ್ಷೆ ಮಾಡಿಸುವವರು, ತರಬೇತಾದ ಕೈಗಳು ಇಲ್ಲದಿದ್ದರೆ ಉದ್ಘಾಟನೆಯ ಕಲ್ಲು ಮಾತ್ರ ಉಳಿಯುತ್ತದೆ. ಅರ್ಧಂಬರ್ಧ ನಡೆಯುವ ಬಿಎಸ್‌ಎಲ್-3ಕ್ಕಿಂತ ಪೂರ್ತಿ ನಡೆಯುವ ಬಿಎಸ್‌ಎಲ್-2 ಎಷ್ಟೋ ವಾಸಿ. ತಾಲ್ಲೂಕಿನ ಪಶು ಆಸ್ಪತ್ರೆಗಳಿಗೆ ನಿಜವಾಗಿ ಬೇಕಾದದ್ದು ಮಾದರಿ ಕಳಿಸುವ ಮೂರು ಪದರದ ಪೆಟ್ಟಿಗೆ. ಗಟ್ಟಿ ಮುಚ್ಚಳದ ಸೀಸೆ, ಅದರ ಸುತ್ತ ಸೋರಿದರೆ ಹೀರಿಕೊಳ್ಳುವ ಹತ್ತಿ, ಅದನ್ನು ಹಿಡಿಸುವ ಸೋರದ ಡಬ್ಬ, ಹೊರಗೆ ಐಸ್ ಪ್ಯಾಕ್ ಇಟ್ಟ ಗಟ್ಟಿ ಪೆಟ್ಟಿಗೆ. ಜೊತೆಗೆ ಅದನ್ನು ಸರಿಯಾಗಿ ಕಟ್ಟಲು ಕಲಿತ ಒಬ್ಬ ಮನುಷ್ಯ, ರಜೆಯ ದಿನವೂ ಹೊರಡುವ ಒಂದು ಗಾಡಿ.

ಮಾಜಿ ಸದಸ್ಯರು ಪೂರ್ತಿ ಕೇಳಿಸಿಕೊಂಡರು. ‘ನೀನು ಹೇಳೋದು ಸರಿನೇ ಇರಬಹುದಪ್ಪಾ. ಆದ್ರೆ ಪೆಟ್ಟಿಗೆಗೆ ಮಂತ್ರಿಗಳನ್ನ ಕರೆಸಿ ಟೇಪ್ ಕಟ್ ಮಾಡಿಸೋಕಾಗಲ್ವಲ್ಲ’ ಎಂದರು. ಕೆರೆ ಅಂಗಳದ ಜಾಗದ ಅರ್ಜಿಯನ್ನು ಅವರಿನ್ನೂ ವಾಪಸ್ ತೆಗೆದುಕೊಂಡಿಲ್ಲ.